ಬಚ್ಚಲು ಕಟ್ಟಿಕೊಂಡರೆ ಕೈಯಿಂದ ತಿರುಗಿಸುವ ಸ್ಪ್ರಿಂಗ್ ತಂತಿ

ವಿಜಯಪುರದಲ್ಲಿ ಗಡಸು ಕೊಳವೆಬಾವಿ ನೀರು ಬಳಸುವ ಮನೆಗಳಲ್ಲಿ ಬಚ್ಚಲು ಕಟ್ಟಿಕೊಳ್ಳುವುದಕ್ಕೆ ಕೂದಲೊಂದೇ ಕಾರಣವಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಂಶಗಳು ಸಾಬೂನಿನೊಡನೆ ಸೇರಿ, ಕರಗದ ಬಿಳಿ ಜಿಡ್ಡಾಗಿ, ಉದುರಿದ ಕೂದಲನ್ನೂ ಹಿಡಿದುಕೊಂಡು ಕೊಳವೆಯ ಒಳಮೈಗೆ ಅಂಟುತ್ತಾ ಹೋಗುತ್ತವೆ. ಇದನ್ನು ತೆಗೆಯಲು ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡ 5 ಮೀಟರ್ ಉದ್ದದ ಉಕ್ಕಿನ ಸ್ಪ್ರಿಂಗ್ ತಂತಿ ನನಗೆ ಬಹಳ ಮೆಚ್ಚುಗೆಯಾಗಿದೆ.

ಇದರ ಗುಣ ಗೊತ್ತಾಗುವುದು ಕೊಳವೆಯ ಬಾಗಿನಲ್ಲಿ. ವಾಶ್‌ಬೇಸಿನ್ನಿನ ಕೆಳಗಿನ ತಿರುವಿನಲ್ಲಿ ತಂತಿ ತಡೆದಾಗ ಜೋರಾಗಿ ನೂಕದೆ, ತಂತಿಯನ್ನು ಹಿಡಿಕೆಗೆ ಕಚ್ಚಿಸುವ ತಿರುಪನ್ನು ಬಿಗಿ ಮಾಡಿ ಹಿಡಿಕೆಯನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ, ತುದಿಯ ಸುರುಳಿ ತಾನಾಗಿಯೇ ಬಾಗನ್ನು ದಾಟಿ ಕಸದಲ್ಲಿ ಸಿಕ್ಕಿಕೊಳ್ಳುತ್ತದೆ. ಹೊರಗೆಳೆದರೆ ಜಿಡ್ಡು ಮೆತ್ತಿದ, ಹೆಬ್ಬೆರಳು ಗಾತ್ರದ ಬೂದುಬಣ್ಣದ ಕೂದಲ ಹುರಿ ಬರುತ್ತದೆ. ಬಳಿಕ ಬಿಸಿನೀರು ಸುರಿಯಬೇಕು. ಕುದಿಯುವ ನೀರು ಮಾತ್ರ ಬೇಡ, ಪಿವಿಸಿ ಕೊಳವೆ ಮೆತ್ತಗಾಗುತ್ತದೆ. ನೀರು ತಾಗಿದೊಡನೆ ಕಾದು ಚರ್ಮವನ್ನೇ ಸುಡುವ, ಕಟ್ಟಿದ ಕೊಳವೆಗೆ ಸುರಿಯುವ ಕಾಸ್ಟಿಕ್ ಸೋಡಾವನ್ನು ಮಕ್ಕಳಿರುವ ಮನೆಯಲ್ಲಿ ಇಡಬೇಕಾಗಿಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನ.

ಅಡುಗೆಮನೆಯ ಸಿಂಕಿನಲ್ಲಿ ಇದು ಅಷ್ಟಾಗಿ ಪ್ರಯೋಜನಕ್ಕೆ ಬರಲಿಲ್ಲ. ಗಟ್ಟಿಯಾದ ಎಣ್ಣೆಜಿಡ್ಡಿನಲ್ಲಿ ತಂತಿ ಬರಿಯ ತೂತು ಮಾಡುತ್ತದೆ, ಅದು ಮತ್ತೆ ಮುಚ್ಚಿಕೊಳ್ಳುತ್ತದೆ. ಅಲ್ಲಿ ರಬ್ಬರ್ ಪಂಪೇ ಮೇಲು. ಚೇಂಬರಿಗೆ ಹೋಗುವ 4 ಇಂಚಿನ ಕೊಳವೆಗೂ ಈ ತಂತಿ ತೀರ ಸಣ್ಣದು. ಪ್ಲಾಸ್ಟಿಕ್ ಹಿಡಿಕೆ ಇನ್ನಷ್ಟು ಗಟ್ಟಿಯಾಗಿರಬೇಕಿತ್ತು. ತೊಳೆದು ಒಣಗಿಸಿ, ಕೊಬ್ಬರಿ ಎಣ್ಣೆ ಸವರಿ ಇಡದಿದ್ದರೆ ತಂತಿ ತುಕ್ಕು ಹಿಡಿಯುತ್ತದೆ.