ಮೈನಸ್ ಎರಡೂಕಾಲು, ಮೈನಸ್ ಒಂದೂಮುಕ್ಕಾಲು: ಒಂದು ಕನ್ನಡಕದಂಗಡಿಯ ಬಗ್ಗೆ

ನಾನು ಶಿವಮೊಗ್ಗದಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಇಪ್ಪತ್ತೆರಡು ವರ್ಷಗಳಿಂದ ಟೇಪು ನನ್ನ ಕತ್ತಿನಲ್ಲೇ ಇದೆ. ಕಾಲು, ಅರ್ಧ, ಮುಕ್ಕಾಲು, ಅರೆಕಾಲು, ಇವನ್ನೆಲ್ಲ ನಾನು ಕಲಿತದ್ದು ಬೆರಳಿನಿಂದ, ಪುಸ್ತಕದಿಂದಲ್ಲ. ಕಂಕುಳಿನ ಹತ್ತಿರ ಅರ್ಧ ಇಂಚು ತಪ್ಪಿದರೆ ಗಿರಾಕಿ ಕೈ ಎತ್ತಲಾರಳು. ಹೀಗಿರುವ ನಾನು ಕನ್ನಡಕದ ನಂಬರಿನ ವಿಷಯದಲ್ಲಿ ಒಂದು ವರ್ಷ ಮೋಸಹೋದೆ. ಆಮೇಲೆ ಸಿಕ್ಕ ಅಂಗಡಿಯ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿತು. ಹೆಸರು ಹಾಕುವುದು ಅಂಗಡಿಯ ಯಜಮಾನರಿಗೆ ಇಷ್ಟವಿಲ್ಲ, ಆದ್ದರಿಂದ ಹಾಕುತ್ತಿಲ್ಲ.

ಮೊದಲು ಮೋಸದ ಕಥೆ. ಮಗಳು ಎಂಟನೆಯ ತರಗತಿ. ಹೋದ ವರ್ಷ ಕಣ್ಣಿನ ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ಬಲಗಣ್ಣಿಗೆ −1.75, ಎಡಗಣ್ಣಿಗೆ −2.25 ಎಂದಿತ್ತು. ಬೇರೊಂದು ಅಂಗಡಿಯಲ್ಲಿ ಕನ್ನಡಕ ಮಾಡಿಸಿದೆವು. ಹುಡುಗಿ ಸಂಜೆಯಾದರೆ ತಲೆನೋವು ಎನ್ನುತ್ತಿದ್ದಳು, ಎಡಗಣ್ಣಿಗೆ ಬೋರ್ಡಿನ ಅಕ್ಷರ ಮಸುಕು ಎನ್ನುತ್ತಿದ್ದಳು. ಕೇಳಲು ಹೋದರೆ ಅಲ್ಲಿನವರು, “ಹೊಸ ಕನ್ನಡಕ, ಹದಿನೈದು ದಿನದಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ” ಎಂದು ಕಳುಹಿಸಿದರು. ಹದಿನೈದು ದಿನ ಹೋಗಿ ಒಂದು ವರ್ಷವೇ ಆಯಿತು. ಹುಡುಗಿಯೂ ಸುಮ್ಮನಾದಳು, ನಾನೂ ಸುಮ್ಮನಾದೆ.

ಈಗಿನ ಅಂಗಡಿಗೆ ಹೋದದ್ದು ನನ್ನ ಕಣ್ಣಿಗಾಗಿ. ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುವ ಕಾಲ ಬಂದಿತ್ತು, ನನಗೆ ನಲವತ್ತೇಳು. ಅಂಗಡಿ ಮೊದಲ ಮಹಡಿಯಲ್ಲಿದೆ. ಮೆಟ್ಟಿಲು ಕಿರಿದು, ಕಡಿದು. ವಯಸ್ಸಾದವರೇ ಹೆಚ್ಚಾಗಿ ಬರುವ ಜಾಗಕ್ಕೆ ಇಂಥ ಮೆಟ್ಟಿಲು ಏಕೆ ಎಂದು ನಮ್ಮ ಅತ್ತೆ ಮೇಲೆ ಹತ್ತುವವರೆಗೂ ಬಯ್ಯುತ್ತಲೇ ಇದ್ದರು. ಆ ಬೈಗುಳಕ್ಕೆ ಅರ್ಥವಿದೆ.

ಯಜಮಾನರಿಗೆ ಎಪ್ಪತ್ತರ ಆಸುಪಾಸು. ಮಗಳು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಳ್ಳುವುದನ್ನು ನೋಡಿ, “ಆ ಕನ್ನಡಕ ಸ್ವಲ್ಪ ಕೊಡು ತಾಯಿ” ಎಂದು ಕೇಳಿ ಪಡೆದು ಲೆನ್ಸೋಮೀಟರಿನಲ್ಲಿ ಇಟ್ಟರು. ಅದು ಗಾಜಿನ ಪವರ್ ಅಳೆಯುವ ಯಂತ್ರ. “ಬಲಕ್ಕೆ ಮೈನಸ್ ಎರಡೂಕಾಲು, ಎಡಕ್ಕೆ ಮೈನಸ್ ಒಂದೂಮುಕ್ಕಾಲು.” ಚೀಟಿ ನನ್ನ ಚೀಲದಲ್ಲೇ ಇತ್ತು. ತೆಗೆದು ನೋಡಿದರೆ ಎಡಬಲ ಅದಲುಬದಲು. ಒಂದು ವರ್ಷ ನನ್ನ ಮಗಳು ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು ನಡೆದ ಹಾಗಾಗಿತ್ತು. “ಬರೀ ಅರ್ಧ ತಾನೇ ವ್ಯತ್ಯಾಸ?” ಎಂದು ನಾನು ಹೇಳುವುದರಲ್ಲಿದ್ದೆ, ಕಂಕುಳಿನ ಅರ್ಧ ಇಂಚು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಮಗಳ ಕಣ್ಣನ್ನೂ ಹೊಸದಾಗಿ ಪರೀಕ್ಷೆ ಮಾಡಿಸಿದೆವು. ಒಳಕೋಣೆಯಲ್ಲಿ ಒಬ್ಬ ಹುಡುಗಿ ಆಪ್ಟೋಮೆಟ್ರಿಸ್ಟ್ ಇದ್ದಾಳೆ, ಅಂದರೆ ಕಣ್ಣು ಪರೀಕ್ಷಿಸಿ ನಂಬರ್ ಹೇಳುವವಳು, ತಾಳ್ಮೆಯವಳು. ಗೋಡೆಯ ಮೇಲೆ ಕನ್ನಡ ಅಕ್ಷರಗಳ ಚಾರ್ಟು, ಸಾಲುಗಳ ಪಕ್ಕದಲ್ಲಿ 6/60, 6/36, 6/24, 6/18, 6/12, 6/9, 6/6. ಮೇಲಿನಿಂದ ಕೆಳಗೆ ಛೇದ ಸಣ್ಣದಾಗುತ್ತ ಹೋದಂತೆ ಭಿನ್ನರಾಶಿ ದೊಡ್ಡದಾಗುತ್ತದೆ, ದೃಷ್ಟಿ ಒಳ್ಳೆಯದಾಗುತ್ತದೆ. ಒಳ್ಳೆಯ ಕಣ್ಣಿನವರು ಹದಿನೆಂಟು ಮೀಟರ್ ದೂರದಿಂದ ಓದುವುದನ್ನು ಆರು ಮೀಟರಿಗೆ ಬಂದು ಓದಿದರೆ ಅದು 6/18. ನಮ್ಮ ಪಕ್ಕದ ಮನೆಯವರು ತಮಗೆ 6/24 ಬಂದಿದೆಯೆಂದು ಪರೀಕ್ಷೆಯ ಅಂಕದಂತೆ ಹೇಳಿಕೊಂಡು ತಿರುಗಿದ್ದರು. ಅದು ಕಾಲು ಭಾಗ ಎಂದು ಇಲ್ಲಿಗೆ ಬಂದ ಮೇಲೆ ನನಗೆ ಗೊತ್ತಾಯಿತು. ಅವರಿಗೆ ಹೇಳಲು ಹೋಗಿಲ್ಲ.

ಗಾಜು ಬದಲಿಸುವಾಗ ಆ ಹುಡುಗಿ ಒಂದು ಸಲಕ್ಕೆ ಎರಡನ್ನೇ ಕೇಳುತ್ತಾಳೆ: ಇದು ಸ್ಪಷ್ಟವೋ, ಅದು ಸ್ಪಷ್ಟವೋ? ಗಡಿಬಿಡಿ ಮಾಡುವುದಿಲ್ಲ. “ಎರಡೂ ಒಂದೇ” ಎಂದರೂ ಸರಿ ಎನ್ನುತ್ತಾಳೆ. ಕೊನೆಗೆ ಮಗಳಿಗೆ ಬಲಕ್ಕೆ −2.00, ಎಡಕ್ಕೆ −2.50 ಬಂತು. ಎರಡರಲ್ಲೂ ಕಾಲು ಕಾಲು ಬದಲಾವಣೆ.

ಆಗ ನಡೆದ ಮಾತು ನನಗೆ ಇಂದಿಗೂ ಕಿವಿಯಲ್ಲಿದೆ. “ಅಯ್ಯೋ, ನಂಬರ್ ಜಾಸ್ತಿಯಾಯಿತೇ?” ಎಂದೆ. ಮಗಳು ತಕ್ಷಣ, “ಇಲ್ಲ ಅಮ್ಮ, ಕಡಿಮೆಯಾಯಿತು. ಮೈನಸ್ ಎರಡೂಕಾಲಿಗಿಂತ ಮೈನಸ್ ಎರಡೂವರೆ ಚಿಕ್ಕದು” ಎಂದಳು. ಅವಳಿಗೆ ಹೀಗೆ ಹೇಳಲು ಕಾರಣವಿತ್ತು. ಅದಕ್ಕೆ ಒಂದು ತಿಂಗಳ ಹಿಂದೆ ಕಿರುಪರೀಕ್ಷೆಯಲ್ಲಿ −3/4, 0.25, −1/2, −0.25 ಇವುಗಳನ್ನು ಏರಿಕೆ ಕ್ರಮದಲ್ಲಿ ಬರೆಯಲು ಕೇಳಿದ್ದರು. ಇವಳು −0.25, −1/2, −3/4, 0.25 ಎಂದು ಬರೆದು ಎರಡು ಅಂಕ ಕಳೆದುಕೊಂಡಿದ್ದಳು. “ಮುಕ್ಕಾಲು ದೊಡ್ಡದಲ್ಲವೇ?” ಎಂದು ಮನೆಯಲ್ಲಿ ಅತ್ತವಳು, ಈಗ ಕಲಿತದ್ದನ್ನು ನನ್ನ ಮೇಲೆ ಪ್ರಯೋಗಿಸುತ್ತಿದ್ದಳು.

ಯಜಮಾನರು ನಕ್ಕರು. “ಇಬ್ಬರದೂ ಸರಿ. ಗಾಜಿನ ಬಲ ಹೆಚ್ಚಾಗಿದೆ, ಸಂಖ್ಯೆ ಚಿಕ್ಕದಾಗಿದೆ. ಅದಕ್ಕೇ ನಾನು ಹೆಚ್ಚು ಕಡಿಮೆ ಎನ್ನುವುದನ್ನೇ ಬಿಟ್ಟಿದ್ದೇನೆ. ಎಡಕ್ಕೆ ಕಾಲು ಸರಿದಿದೆ ಎನ್ನುತ್ತೇನೆ.”

ಎಡಕ್ಕೆ ಎಂದರೆ ಎಲ್ಲಿಂದ ಎಡಕ್ಕೆ? ಅವರ ಹಿಂದಿನ ಗೋಡೆಯ ಕಪಾಟು ನೋಡಿದಾಗ ಅರ್ಥವಾಯಿತು. ಸಿದ್ಧ ಗಾಜುಗಳನ್ನು ಇಡುವ ಸಣ್ಣ ಖಾನೆಗಳು ಉದ್ದಕ್ಕೂ ಸಾಲಾಗಿವೆ. ಎಡತುದಿಯಲ್ಲಿ −6.00. ಅಲ್ಲಿಂದ ಬಲಕ್ಕೆ ಕಾಲು ಕಾಲಾಗಿ −5.75, −5.50 ಎಂದು ಬಂದು, ನಡುವೆ ‘ಪ್ಲೇನ್’ ಎಂಬ ಖಾನೆ, ಅಂದರೆ ಸೊನ್ನೆ. ಅದರಾಚೆ +0.25ರಿಂದ ಬಲತುದಿಯ +4.00ರವರೆಗೆ. ಮಗಳ ಪುಸ್ತಕದ ಸಂಖ್ಯಾರೇಖೆ ಗೋಡೆಗೆ ಬಂದು ಕುಳಿತಿತ್ತು. ನನ್ನ ದಾರದ ಪೆಟ್ಟಿಗೆಯೂ ತಿಳಿಯಿಂದ ಗಾಢಕ್ಕೆ ಹೀಗೆಯೇ ಇರುವುದರಿಂದ ನನಗೆ ಆ ಮನುಷ್ಯರ ಮೇಲೆ ಅಲ್ಲೇ ವಿಶ್ವಾಸ ಹುಟ್ಟಿತು.

ಆದರೆ ಪರೀಕ್ಷೆಯ ಕೋಣೆಯ ಗಾಜಿನ ಪೆಟ್ಟಿಗೆ ಹಾಗಿಲ್ಲ. ಅದರಲ್ಲಿ ಕೆಂಪು ಅಂಚಿನ ಮೈನಸ್ ಗಾಜುಗಳು ಒಂದು ಸಾಲು, ಕಪ್ಪು ಅಂಚಿನ ಪ್ಲಸ್ ಗಾಜುಗಳು ಇನ್ನೊಂದು ಸಾಲು, ಎರಡೂ 0.25ರಿಂದಲೇ ಶುರುವಾಗಿ ಮೇಲೇರುತ್ತವೆ. ಅದು ಪವರಿನ ಕ್ರಮ, ಚಿಹ್ನೆಯನ್ನು ಬಣ್ಣಕ್ಕೆ ಬಿಟ್ಟ ಕ್ರಮ. ಮಗಳು ಪರೀಕ್ಷೆಯಲ್ಲಿ ಬರೆದದ್ದು ಹೆಚ್ಚುಕಡಿಮೆ ಈ ಪೆಟ್ಟಿಗೆಯ ಉತ್ತರ, ಕೇಳಿದ್ದು ಗೋಡೆಯ ಕಪಾಟಿನ ಉತ್ತರ. ನಮ್ಮ ಕಸುಬಿನಲ್ಲೂ ಇಂಥ ಗೊಂದಲವಿದೆ: ಮಷೀನಿನ ಸೂಜಿ ನಂಬರ್ ಏರಿದಂತೆ ದಪ್ಪ, ಕೈಸೂಜಿ ನಂಬರ್ ಏರಿದಂತೆ ಸಣ್ಣ. ಕಲಿಯಲು ಬರುವ ಹುಡುಗಿಯರು ಮೊದಲ ವಾರ ಇದರಲ್ಲೇ ತಡವರಿಸುತ್ತಾರೆ.

ಅಂಗಡಿಯ ಕಂಪ್ಯೂಟರಿಗೆ ಮಾತ್ರ ಯಜಮಾನರ ಶಿಸ್ತು ಬಂದಿಲ್ಲ. ದಾಸ್ತಾನಿನ ಪಟ್ಟಿಯಲ್ಲಿ −1.75 ಆದ ಮೇಲೆ −10.00 ಬರುತ್ತದೆ, ಅದರ ಕೆಳಗೆ −2.00. ಅದು ಸಂಖ್ಯೆಯನ್ನು ಅಕ್ಷರದಂತೆ ಜೋಡಿಸುತ್ತದೆಯಂತೆ. ಕೆಲಸದ ಹುಡುಗ ಪಟ್ಟಿಯಲ್ಲಿ ಮೇಲೆ ಕೆಳಗೆ ಹುಡುಕುತ್ತ ಐದು ನಿಮಿಷ ಕಳೆದ. ಯಜಮಾನರು ತಿರುಗಿಯೂ ನೋಡದೆ ಕೈ ಹಿಂದಕ್ಕೆ ಚಾಚಿ ಸರಿಯಾದ ಖಾನೆ ಎಳೆದರು.

ಬಿಡುವಿದ್ದುದರಿಂದ ಮಗಳಿಗೆ ಒಂದು ಆಟ ತೋರಿಸಿದರು. ಮೈನಸ್ ಗಾಜನ್ನು ಕೈಯಳತೆಯ ದೂರದಲ್ಲಿ ಹಿಡಿದು, ಅದರ ಮೂಲಕ ಕಿಟಕಿಯ ಸರಳನ್ನು ನೋಡುತ್ತ ಗಾಜನ್ನು ಆಚೀಚೆ ಸರಿಸಬೇಕು. ಗಾಜು ಹೋದ ಕಡೆಗೇ ಸರಳೂ ಹೋಗುತ್ತದೆ. ಪ್ಲಸ್ ಗಾಜಿನಲ್ಲಿ ಸರಳು ಎದುರು ದಿಕ್ಕಿಗೆ ಓಡುತ್ತದೆ. ಆಮೇಲೆ +2.00 ಮತ್ತು −2.00 ಎರಡನ್ನೂ ಒಂದರ ಮೇಲೊಂದು ಇಟ್ಟು ಕೊಟ್ಟರು. ಸರಳು ಅಲ್ಲಾಡಲಿಲ್ಲ. “ಇದೇ ಸೊನ್ನೆ” ಎಂದರು. −2.00 ತೆಗೆದು −1.75 ಇಟ್ಟರೆ ಸರಳು ಬಹಳ ನಿಧಾನವಾಗಿ ಎದುರಿಗೆ ಜರುಗಿತು, ಉಳಿದ +0.25 ಅದು. ಯಂತ್ರವಿಲ್ಲದ ಕಾಲದಲ್ಲಿ ಗಾಜಿನ ನಂಬರ್ ಕಂಡುಹಿಡಿಯುತ್ತಿದ್ದದ್ದೇ ಹೀಗಂತೆ.

ಇನ್ನೊಂದನ್ನು ನನ್ನ ಟೇಪಿನಿಂದಲೇ ಮಾಡಿಸಿದರು. ಮಗಳ ಕನ್ನಡಕ ತೆಗೆಸಿ, ಒಂದು ಕಣ್ಣು ಮುಚ್ಚಿಸಿ, ಪತ್ರಿಕೆಯ ಸಣ್ಣ ಅಕ್ಷರವನ್ನು ಹಿಂದಕ್ಕೆ ಸರಿಸುತ್ತ ಹೋದರು. ಬಲಗಣ್ಣಿಗೆ ಇಪ್ಪತ್ತು ಇಂಚಿನ ಹತ್ತಿರ ಮಸುಕಾಯಿತು, ಎಡಗಣ್ಣಿಗೆ ಹದಿನಾರರ ಹತ್ತಿರ. ಟೇಪು ತಿರುಗಿಸಿ ನೋಡಿದರೆ ಸುಮಾರು 50 ಸೆಂಟಿಮೀಟರ್ ಮತ್ತು 40 ಸೆಂಟಿಮೀಟರ್. ಮೀಟರಿನ ಲೆಕ್ಕದಲ್ಲಿ ಅರ್ಧ ಮತ್ತು ಐದನೇ ಎರಡು. ತಲೆಕೆಳಗು ಮಾಡಿದರೆ ಎರಡು ಮತ್ತು ಎರಡೂವರೆ. ನಂಬರ್ ಎಂಬುದು ಆಕಾಶದಿಂದ ಇಳಿದದ್ದಲ್ಲ, ಒಂದು ಮೀಟರನ್ನು ದೂರದಿಂದ ಭಾಗಿಸಿದ್ದು. ಹಿಂದೆ ಯುರೋಪಿನಲ್ಲಿ ಗಾಜನ್ನು ಇಂಚಿನಲ್ಲೇ ಹೇಳುತ್ತಿದ್ದರಂತೆ. ಹತ್ತು ಇಂಚಿನ ಗಾಜೆಂದರೆ 1/10, ಇಪ್ಪತ್ತು ಇಂಚಿನದ್ದು 1/20. ಆದ್ದರಿಂದ ಹತ್ತೇ ಹೆಚ್ಚು ಬಲದ್ದು. 1872ರಲ್ಲಿ ಮೊನೊಯೆ ಎಂಬ ಫ್ರಾನ್ಸಿನ ಕಣ್ಣಿನ ವೈದ್ಯ ಡಯಾಪ್ಟರ್ ಎಂಬ ಈ ಮೀಟರಿನ ಅಳತೆ ಸೂಚಿಸಿದ ಮೇಲೆ ಭಿನ್ನರಾಶಿ ಹೋಗಿ ದಶಮಾಂಶ ಬಂತು. ಇಂಚನ್ನು ಬಿಟ್ಟರೆಂದು ನನಗೆ ಒಂದು ಕ್ಷಣ ಬೇಜಾರಾಯಿತು.

ಇನ್ನು ನನ್ನ ಕನ್ನಡಕ. ದೂರಕ್ಕೆ ಬಲ −0.75, ಎಡ −0.25. ಹತ್ತಿರಕ್ಕೆ ‘ಆಡ್’ ಎಂದು, ಅಂದರೆ ದೂರದ ನಂಬರಿಗೆ ಕೂಡಿಸುವುದೆಂದು, ಮೊದಲು +2.00 ಬಂದಿತ್ತು. ಆಪ್ಟೋಮೆಟ್ರಿಸ್ಟ್ ಹುಡುಗಿ, “ಅಕ್ಕಾ, ಮಷೀನಿನ ಸೂಜಿ ನಿಮ್ಮ ಕಣ್ಣಿನಿಂದ ಎಷ್ಟು ದೂರ?” ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಊರಿನವರನ್ನೆಲ್ಲ ಅಳೆದ ನಾನು ಅದೊಂದನ್ನು ಅಳೆದಿರಲಿಲ್ಲ. ಮನೆಗೆ ಹೋಗಿ ಮಗಳಿಂದ ಅಳೆಸಿ ಫೋನ್ ಮಾಡಿದೆ: ಹದಿನೆಂಟು ಇಂಚು. ಪುಸ್ತಕ ಹಿಡಿಯುವ ದೂರಕ್ಕಿಂತ ಹೆಚ್ಚು. ಮರುದಿನ ಕರೆಸಿ ಮತ್ತೆ ನೋಡಿ ಕಾಲು ಇಳಿಸಿ +1.75 ಮಾಡಿದಳು. ಹಾಗಾಗಿ ನನ್ನ ಓದುವ ಭಾಗ ಬಲಕ್ಕೆ +1.00, ಎಡಕ್ಕೆ +1.50. ಒಂದೇ ಗಾಜಿನಲ್ಲಿ ಮೇಲೆ ಮೈನಸ್, ಕೆಳಗೆ ಪ್ಲಸ್. ಮೇಲಿನಿಂದ ಕೆಳಗೆ ನಂಬರ್ ಮೆಲ್ಲಗೆ ಬದಲಾಗುವ ದುಬಾರಿಯ ಪ್ರೋಗ್ರೆಸಿವ್ ಗಾಜನ್ನು ಯಾರೂ ನನ್ನ ತಲೆಗೆ ಕಟ್ಟಲಿಲ್ಲ. ಎರಡೇ ಭಾಗದ ಬೈಫೋಕಲ್ ಸಾಕು ಎಂದರು. ನನ್ನ ಚೌಕಟ್ಟು, ಗಾಜು ಸೇರಿ 1,450 ರೂಪಾಯಿ, ಮಗಳದ್ದು 2,050.

ನನ್ನ ಗಂಡ ಬಸ್ ನಿಲ್ದಾಣದ ಹತ್ತಿರ ಪತ್ರಿಕೆ ಹಿಡಿದು ನೋಡಿ ಕೊಂಡ +1.75ರ ಸಿದ್ಧ ಕನ್ನಡಕವನ್ನೂ ತೋರಿಸಿದೆ. ಅದು ತಪ್ಪೆಂದು ಹೆದರಿಸಿ ಹೊಸದು ಮಾರುತ್ತಾರೆಂದುಕೊಂಡಿದ್ದೆ. “ಎರಡೂ ಕಣ್ಣಿಗೆ ಒಂದೇ ನಂಬರ್ ಬೇಕಾದವರಿಗೆ ಇದು ಸಾಕು. ಅವರನ್ನೊಮ್ಮೆ ಕರೆದುಕೊಂಡು ಬನ್ನಿ, ನೋಡೋಣ” ಎಂದಷ್ಟೇ ಅಂಗಡಿಯ ಯಜಮಾನರು ಹೇಳಿದರು. ಬಂದು ತೋರಿಸಿದಾಗ ದೂರಕ್ಕೆ ಎರಡೂ ಕಣ್ಣು ಪ್ಲೇನ್, ಹತ್ತಿರಕ್ಕೆ +1.75 ಸರಿಯಾಗಿಯೇ ಇತ್ತು. ಹಣ ತೆಗೆದುಕೊಳ್ಳಲಿಲ್ಲ. ಅಂದಿನಿಂದ ನಮ್ಮವರಿಗೆ ತಾವೇ ಕಣ್ಣಿನ ವೈದ್ಯರೆಂಬ ಜಂಬ ಬಂದಿದೆ, ಅದೊಂದು ನಷ್ಟ.

ದೂರುಗಳೂ ಇವೆ. ಗುರುವಾರ ಕೊಡುತ್ತೇವೆಂದು ಶನಿವಾರ ಕೊಟ್ಟರು. ನಡುವೆ ಒಂದು ಫೋನೂ ಮಾಡಲಿಲ್ಲ. ಮದುವೆಯ ಬ್ಲೌಸುಗಳು ಕುಳಿತಿದ್ದ ವಾರ ಅದು. ಕೊಡುವ ಪೆಟ್ಟಿಗೆಯ ಮುಚ್ಚಳ ಒಂದೇ ವಾರಕ್ಕೆ ಸಡಿಲ. ಎಲ್ಲಕ್ಕಿಂತ ಹೆಚ್ಚಾಗಿ ಬಿಲ್ಲಿನ ಅಚ್ಚು ಎಷ್ಟು ಮಸುಕೆಂದರೆ ಮೈನಸ್ ಗೆರೆ ಕಾಣಿಸುವುದೇ ಇಲ್ಲ. ಚಿಹ್ನೆಯ ಬಗ್ಗೆ ಇಷ್ಟು ಹೇಳುವ ಅಂಗಡಿಯ ಬಿಲ್ಲಿನಲ್ಲಿ ಮಗಳ ನಂಬರ್ ಬರೀ 2.00, 2.50 ಎಂದಿತ್ತು. ನಾಳೆ ಬೇರೆ ಊರಿನಲ್ಲಿ ಯಾರಾದರೂ ಇದನ್ನು ನೋಡಿ ಪ್ಲಸ್ ಗಾಜು ಹಾಕಿದರೆ? ಪೆನ್ನಿನಲ್ಲಿ ಬರೆದುಕೊಡಿ ಎಂದೆ. ಯಜಮಾನರು ನಾಚಿಕೊಂಡು ಬರೆದು, ಪಕ್ಕದಲ್ಲಿ ‘ಬಲ’, ‘ಎಡ’ ಎಂದು ಕನ್ನಡದಲ್ಲೂ ಬರೆದುಕೊಟ್ಟರು. ನೀವು ಹೋದರೆ ನೀವೂ ಬರೆಸಿಕೊಳ್ಳಿ. ಕನ್ನಡಕ ಕೈಗೆ ಬಂದಾಗ ಲೆನ್ಸೋಮೀಟರಿನಲ್ಲಿ ಇಟ್ಟು ಚೀಟಿಗೆ ಹೋಲಿಸಿ ತೋರಿಸಲು ಕೇಳಿ. ಇಲ್ಲಿ ಕೇಳದೆಯೇ ತೋರಿಸುತ್ತಾರೆ.

ಮಗಳಿಗೆ ತಲೆನೋವು ನಿಂತು ಎರಡು ತಿಂಗಳಾಯಿತು. ಮನೆಗೆ ಬಂದ ರಾತ್ರಿಯೇ ಅವಳು ಕತ್ತರಿಸುವ ಮೇಜಿನ ಮೇಲೆ ನನ್ನ ಎರಡು ಟೇಪುಗಳನ್ನು ತುದಿಗೆ ತುದಿ ಹಚ್ಚಿ, ಒಂದು ಎಡಕ್ಕೆ, ಒಂದು ಬಲಕ್ಕೆ ಚಾಚಿದಳು. ಒಂದು ಇಂಚಿಗೆ ಒಂದು ನಂಬರ್. ಗುಂಡುಪಿನ್ನು ಚುಚ್ಚುತ್ತ ಹೋದಳು: ತನ್ನವು −2.50, −2.00, ನನ್ನ −0.75, ಕಣ್ಣಿನ ಪೊರೆ ತೆಗೆಸಿಕೊಂಡ ಅಜ್ಜಿಯ −0.50; ಮತ್ತೆ ನನ್ನ −0.25, ಟೇಪುಗಳು ಸೇರುವಲ್ಲಿ ಅಪ್ಪನ ಪ್ಲೇನ್, ಆಚೆ ನನ್ನ +1.00, +1.50, ಅಪ್ಪನ +1.75, ಅಜ್ಜಿ ಓದುವ +2.00. “ನಾನು ಎಲ್ಲರಿಗಿಂತ ಚಿಕ್ಕವಳು, ನೋಡು” ಎಂದಳು. ಬಲಗಡೆಯ ಟೇಪನ್ನು ಮರುದಿನವೇ ಕಿತ್ತುಕೊಂಡೆ, ಕೆಲಸಕ್ಕೆ ಬೇಕಲ್ಲ. ಎಡಗಡೆಯದು ಪಿನ್ನುಗಳ ಸಮೇತ ಇನ್ನೂ ಅಲ್ಲೇ ಇದೆ.