ಮುಳಾ-ಮುಠಾ ಕಣಿವೆಯ ಅಭ್ಯಾಸಕ್ಕೆ ಕ್ಯುಜಿಐಎಸ್

ಪುಣೆಯಲ್ಲಿ ನೆಲೆಸಿರುವ ವಿಜಯಪುರದವಳಾದ ನನಗೆ ಮುಳಾ-ಮುಠಾ ಪರನಾಡಿನ ನದಿಯಲ್ಲ. ಅದು ಭೀಮೆಯನ್ನು ಸೇರಿ ನಮ್ಮ ಸೀಮೆಗೇ ಬರುತ್ತದೆ. ಅದರ ಜಲಾನಯನದ ಅಭ್ಯಾಸಕ್ಕೆ ಕ್ಯುಜಿಐಎಸ್ ಎಂಬ ನಕ್ಷೆ ತಂತ್ರಾಂಶ ಬಳಸುತ್ತಿದ್ದೇನೆ. ಮುಕ್ತ ತಂತ್ರಾಂಶ, ಬಿಡಿಗಾಸೂ ಬೇಡ.

ಸುಮಾರು 30 ಮೀಟರ್ ಚೌಕಗಳ ಎಸ್‌ಆರ್‌ಟಿಎಂ (ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ) ಎತ್ತರದ ದತ್ತಾಂಶ ಹಾಕಿ, ದತ್ತಾಂಶದ ದೋಷದಿಂದ ಕಾಣುವ ಹುಸಿ ತಗ್ಗುಗಳನ್ನು ತುಂಬಿಸಿ, ಹರಿವಿನ ದಿಕ್ಕನ್ನು ಲೆಕ್ಕ ಹಾಕಿಸಿದರೆ ತೊರೆಗಳ ಜಾಲ ಮೂಡುತ್ತದೆ. ತೊರೆಗಳಿಗೆ ದರ್ಜೆ ಕೊಡುವ ಸ್ಟ್ರಾಲರ್ ಕ್ರಮದಲ್ಲಿ ಉಪತೊರೆಯಿಲ್ಲದ್ದು ಒಂದನೇ ದರ್ಜೆ; ಅಂಥ ಎರಡು ತೊರೆಗಳು ಕೂಡಿದರೆ ಎರಡನೇ ದರ್ಜೆ. ಒಂದನೆಯದು ಎರಡನೆಯದಕ್ಕೆ ಸೇರಿದರೆ ದರ್ಜೆ ಏರುವುದಿಲ್ಲ. ಸಿಂಹಗಡದ ಬಸಾಲ್ಟ್ ಇಳಿಜಾರಿನ ಕಿರುಹಳ್ಳಗಳು ಮರದ ಕೊಂಬೆಗಳಂತೆ ಕವಲೊಡೆದಿರುವುದನ್ನು ನೋಡುತ್ತ ಕುಳಿತರೆ ಊಟದ ನೆನಪೂ ಆಗುವುದಿಲ್ಲ.

ಖಡಕವಾಸಲಾ ಜಲಾಶಯದ ಮೇಲೆ ಮಾತ್ರ ಗೆರೆಗಳು ನೆಟ್ಟಗೆ, ಸಮಾನಾಂತರವಾಗಿ ಬರುತ್ತವೆ. ನೀರಿನ ಮೇಲ್ಮೈ ಸಮತಟ್ಟು, ಲೆಕ್ಕಕ್ಕೆ ಇಳಿಜಾರೇ ಸಿಗುವುದಿಲ್ಲ. ಅವನ್ನು ನದಿಯೆಂದು ನಂಬಬೇಡಿ. ಸ್ಥಳಾಕೃತಿ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದಿ.

ಉದ್ದ ಅಳೆಯುವ ಮೊದಲು ನಕ್ಷೆಯನ್ನು ಯುಟಿಎಂ (ಮೀಟರಿನಲ್ಲಿ ಅಳೆಯುವ ನಕ್ಷಾ ಪ್ರಕ್ಷೇಪ) 43 ಉತ್ತರ ವಲಯಕ್ಕೆ ಬದಲಿಸಿಕೊಳ್ಳಿ. ಭೂಗೋಳ ಓದುವ ನಮ್ಮ ಮಕ್ಕಳೆಲ್ಲರ ಕಂಪ್ಯೂಟರಿನಲ್ಲೂ ಕ್ಯುಜಿಐಎಸ್ ಇರಲೇಬೇಕು. ಹಳೆಯ ಲ್ಯಾಪ್‌ಟಾಪ್ ಆದರೆ ಇಡೀ ಭೀಮಾ ಕಣಿವೆಗೆ ಕೈ ಹಾಕದೆ, ಬೇಕಾದ ಭಾಗವನ್ನಷ್ಟೇ ಕತ್ತರಿಸಿಕೊಂಡು ಆರಂಭಿಸಿ.