ಸಮುದಾಯ ಆರೋಗ್ಯ ಕಾರ್ಯಕ್ರಮದ ತರಬೇತಿ: ಪಾಠ ಚೆನ್ನಾಗಿದೆ, ದುಡ್ಡಿನ ಮಾತು ಸಾಲದು

ನಾನು ನರ್ಸ್. ಮನೆ ಭೇಟಿ, ಬಿಪಿ-ಶುಗರ್ ತಪಾಸಣೆ ಶಿಬಿರ, ಇಂಥ ಕೆಲಸವೇ ಜಾಸ್ತಿ ಮಾಡಿದವಳು. ಬಡವರ ಮನೆಯಲ್ಲಿ ಕಾಯಿಲೆ ತಡವಾಗಿ ಗೊತ್ತಾಗುತ್ತದೆ, ಔಷಧಿ ಅರ್ಧಕ್ಕೇ ನಿಲ್ಲುತ್ತದೆ. ಇದನ್ನು ನೋಡಿ ನೋಡಿ ಸಾಕಾಗಿತ್ತು. ಜನರನ್ನೇ ಜೊತೆಗೆ ಕೂರಿಸಿಕೊಂಡು ಆರೋಗ್ಯ ಕಾರ್ಯಕ್ರಮ ರೂಪಿಸುವುದು ಹೇಗೆ ಅಂತ ಕಲಿಸುವ ಈ ಆನ್‌ಲೈನ್ ತರಬೇತಿಗೆ ಅದಕ್ಕೇ ಸೇರಿದೆ. ಈ ಕೆಲಸದಲ್ಲಿರುವ ಎಲ್ಲರಿಗೂ ಸೇರಿ ಅಂತಲೇ ಹೇಳುತ್ತೇನೆ. ಒಂದು ದೊಡ್ಡ ಕೊರತೆ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲ ಪಾಠವೇ ಚುರುಕಾಗಿತ್ತು. ನೀವು ಮಾಡಿದ ಯಾವುದಾದರೂ ಶಿಬಿರ ನೆನಪಿಸಿಕೊಳ್ಳಿ ಅಂದರು. ಸಮಸ್ಯೆ ಯಾವುದು ಅಂತ ಹೇಳಿದವರು ಯಾರು? ದಿನ, ಹೊತ್ತು ಗೊತ್ತು ಮಾಡಿದವರು ಯಾರು? ದುಡ್ಡು ಯಾರ ಕೈಯಲ್ಲಿತ್ತು? ನಮ್ಮ ಗುಂಪಿನ ಉತ್ತರಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಕಚೇರಿಯವರೇ ಇದ್ದರು. ಆಮೇಲೆ ಅಮೆರಿಕದ ನೀತಿ ತಜ್ಞೆ ಶೆರಿ ಆರ್ನ್‌ಸ್ಟೈನ್ 1969ರಲ್ಲಿ ವಿವರಿಸಿದ, ಜನರ ಪಾಲ್ಗೊಳ್ಳುವಿಕೆಯ ಎಂಟು ಮೆಟ್ಟಿಲಿನ ಏಣಿ ತೋರಿಸಿದರು. ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು ಅದರಲ್ಲಿ ನಡುವಿನ ಮೆಟ್ಟಿಲುಗಳಷ್ಟೇ. ತೀರ್ಮಾನದಲ್ಲಿ ಜನರಿಗೆ ನಿಜವಾದ ಪಾಲು ಸಿಗುವುದು ಅದಕ್ಕೂ ಮೇಲೆ.

ಉದಾಹರಣೆಗಳು ಸುಮ್ನೆ ಹೆಸರು ಹೇಳಿ ಮುಗಿಸುವಂಥವಲ್ಲ. ಲಾಸ್ ಏಂಜಲೀಸ್‌ನ ಕ್ಷೌರದಂಗಡಿಗಳ ಅಧ್ಯಯನಕ್ಕೆ ಒಂದಿಡೀ ತರಗತಿ ಕೊಟ್ಟರು. ಬಿಪಿ ಜಾಸ್ತಿ ಇದ್ದ 319 ಕಪ್ಪು ಗಂಡಸರು, 52 ಅಂಗಡಿಗಳು. ಕೆಲವು ಅಂಗಡಿಗಳಲ್ಲಿ ಕ್ಷೌರಿಕರು ಡಾಕ್ಟರ ಹತ್ತಿರ ಹೋಗಿ ಅಂತ ಬುದ್ಧಿ ಹೇಳುತ್ತಿದ್ದರು. ಉಳಿದ ಕಡೆ ಫಾರ್ಮಸಿಸ್ಟ್‌ಗಳೇ ಅಂಗಡಿಗೆ ಬಂದು, ಗಿರಾಕಿಯ ಡಾಕ್ಟರ ಒಪ್ಪಿಗೆಯೊಂದಿಗೆ ಔಷಧಿ ಬರೆದುಕೊಡುತ್ತಿದ್ದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 6 ತಿಂಗಳಲ್ಲಿ ಬಿಪಿಯ ಮೇಲಿನ ಸಂಖ್ಯೆ ಮೊದಲ ಗುಂಪಿನಲ್ಲಿ ಸುಮಾರು 9ರಷ್ಟು ಇಳಿಯಿತು, ಎರಡನೆಯದರಲ್ಲಿ 27ರಷ್ಟು. ಕ್ಷೌರಿಕರ ಮೇಲಿನ ನಂಬಿಕೆ ಎರಡೂ ಕಡೆ ಇತ್ತು, ಅಲ್ವಾ? ಒಂದು ಕಡೆ ಚಿಕಿತ್ಸೆಯೂ ಜನ ಇದ್ದಲ್ಲಿಗೇ ಬಂತು. ಬುದ್ಧಿಮಾತಿನ ಕರಪತ್ರ ಹಂಚಿ ಸುಸ್ತಾದ ನನ್ನಂಥವರು ಇದನ್ನು ಗಮನವಿಟ್ಟು ಓದಬೇಕು.

ನೇಪಾಳದ ಮಕ್ವಾನ್‌ಪುರದ ಮಹಿಳಾ ಗುಂಪುಗಳ ಪಾಠವೂ ಇತ್ತು. ಅಲ್ಲಿ ಊರಿನ ಹೆಣ್ಣುಮಗಳೇ ತಿಂಗಳಿಗೊಮ್ಮೆ ಸಭೆ ನಡೆಸುತ್ತಿದ್ದಳು. ಬಸುರಿ, ಬಾಣಂತಿ, ಹಸುಗೂಸುಗಳ ತೊಂದರೆಗಳಲ್ಲಿ ಯಾವುದು ಮುಖ್ಯ, ಅದಕ್ಕೆ ಏನು ಮಾಡಬೇಕು ಅಂತ ಗುಂಪಿನವರೇ ತೀರ್ಮಾನಿಸುತ್ತಿದ್ದರು. ಈ ಗುಂಪುಗಳಿದ್ದ ಕಡೆ ನವಜಾತ ಶಿಶುಗಳ ಸಾವು ಉಳಿದ ಕಡೆಗಿಂತ 30% ಕಡಿಮೆ ಇತ್ತು ಅಂತ 2004ರಲ್ಲಿ ವರದಿಯಾಯಿತು.

ನನಗೆ ತುಂಬಾ ಇಷ್ಟವಾದದ್ದು, ಕಲಿಸುವವರಲ್ಲಿ ಡಾಕ್ಟರು, ಪ್ರೊಫೆಸರುಗಳಷ್ಟೇ ಇರಲಿಲ್ಲ ಅನ್ನುವುದು. ವರ್ಷಗಳಿಂದ ಶುಗರ್ ಇರುವ, ಒಂದು ಆರೋಗ್ಯ ಸಮಿತಿಯಲ್ಲಿರುವ ಅಕ್ಕ ಒಬ್ಬರು ಒಂದು ತರಗತಿ ತೆಗೆದುಕೊಂಡರು. ತಪಾಸಣಾ ಶಿಬಿರದ ಕರಪತ್ರವೊಂದನ್ನು ಪರದೆ ಮೇಲೆ ಹಾಕಿ, 'ಬೆಳಿಗ್ಗೆ 10ರಿಂದ ಸಂಜೆ 4' ಅನ್ನುವ ಸಾಲಿಗೆ ಗೆರೆ ಎಳೆದರು. "ಈ ಹೊತ್ತಲ್ಲಿ ಬಂದರೆ ನನ್ನ ಅವತ್ತಿನ ಸಂಬಳ ಹೋಗುತ್ತೆ. ಮಗೂನ ಯಾರ ಹತ್ರ ಬಿಡ್ಲಿ? ಉಚಿತ ಅಂತ ದಪ್ಪಕ್ಷರದಲ್ಲಿ ಬರೆದಿದ್ದೀರಿ, ನನಗೆ ಉಚಿತ ಹೇಗಾಗುತ್ತೆ?" ಅಂದರು.

ಲೆಕ್ಕ ಇಡುವುದನ್ನೂ ಚೆನ್ನಾಗಿ ಹೇಳಿಕೊಟ್ಟರು. ಅನುಕೂಲ ಇರುವವರೇ ಮೊದಲು ಬಂದರೆ ಒಟ್ಟು ಸರಾಸರಿ ಚೆನ್ನಾಗಿ ಕಾಣುತ್ತದೆ, ಬಡವರ ಮತ್ತು ಉಳಿದವರ ನಡುವಿನ ಅಂತರ ಮಾತ್ರ ಇನ್ನೂ ಅಗಲವಾಗಿರುತ್ತದೆ. ಹಾಗಾಗಿ ಪ್ರತಿ ಗುಂಪಿನ ಲೆಕ್ಕ ಬೇರೆ ಬೇರೆ ನೋಡಬೇಕು.

ಇನ್ನು ಕೊರತೆ. ಸಮಿತಿಗೆ ಬರುವ ಜನರ ಸಮಯಕ್ಕೆ ದುಡ್ಡು ಕೊಡಿ ಅಂತ ಪಾಠದುದ್ದಕ್ಕೂ ಹೇಳುತ್ತಾರೆ. ಎಷ್ಟು, ಯಾವ ಬಾಬ್ತಿನಲ್ಲಿ, ಹಣ ಕೊಡುವ ಸಂಸ್ಥೆಯನ್ನು ಒಪ್ಪಿಸುವುದು ಹೇಗೆ ಅನ್ನುವುದಕ್ಕೆ ಒಂದು ಮಾದರಿ ಬಜೆಟ್ ಕೂಡ ಇಲ್ಲ. ಜನರ ನಂಬಿಕೆ ಗಳಿಸಲು ತಿಂಗಳುಗಟ್ಟಲೆ ಬೇಕು, ಹಣ ಕೊಡುವವರು ಬೇಗ ಅಂಕಿಅಂಶ ಕೇಳುತ್ತಾರೆ. ಈ ಎಳೆದಾಟದ ಬಗ್ಗೆ ಒಂದು ತರಗತಿಯಾದರೂ ಬೇಕಿತ್ತು. ಕೇಳಿದ್ದಕ್ಕೆ "ಅದು ನಿಮ್ಮ ಸಂಸ್ಥೆಗೆ ಬಿಟ್ಟದ್ದು" ಅಂದರು. ನನಗೆ ಈ ಉತ್ತರ ಒಪ್ಪಿಗೆಯಾಗಲಿಲ್ಲ. ಕಾರ್ಯಕ್ರಮಗಳು ಕುಂಟುವುದು ಅಲ್ಲೇ.

ಸೇರುವುದಾದರೆ ಒಬ್ಬರೇ ಸೇರಬೇಡಿ. ನಿಮ್ಮಲ್ಲಿ ಬಜೆಟ್‌ಗೆ ಸಹಿ ಹಾಕುವವರನ್ನೂ ಜೊತೆಗೆ ಸೇರಿಸಿ.